ಕ್ಲಚ್ ತುಳಿಯುವವರಿಗಾಗಿ ಒಂದು ಕ್ಯಾಡಿಲಾಕ್

2021ರ ಜನವರಿ 28ರಂದು ಜನರಲ್ ಮೋಟರ್ಸ್ ಕಂಪನಿ ಒಂದು ದೊಡ್ಡ ಮಾತು ಆಡಿತು. 2035ರ ಹೊತ್ತಿಗೆ ತಾನು ಮಾರುವ ಹೊಸ ಕಾರುಗಳು ಹೊಗೆಯನ್ನೇ ಬಿಡಬಾರದು, ಅದು ತನ್ನ ಗುರಿ ಎಂದಿತು. ನೂರು ವರ್ಷಕ್ಕೂ ಮಿಕ್ಕಿ ಪೆಟ್ರೋಲ್ ಎಂಜಿನ್ನನ್ನೇ ನಂಬಿ ಬದುಕಿದ ಡೆಟ್ರಾಯ್ಟ್ ಕಂಪನಿಯ ಬಾಯಿಂದ ಈ ಮಾತು ಬಂದದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಅದಾಗಿ ನಾಲ್ಕೇ ದಿನಕ್ಕೆ, ಫೆಬ್ರುವರಿ 1ರಂದು, ಅದೇ ಕಂಪನಿಯ ಕ್ಯಾಡಿಲಾಕ್ ವಿಭಾಗ ಒಂದು ಕಾರನ್ನು ಜನರೆದುರು ತಂದು ನಿಲ್ಲಿಸಿತು. ಹೆಸರು ಸಿಟಿ5-ವಿ ಬ್ಲ್ಯಾಕ್‌ವಿಂಗ್. ನಾಲ್ಕು ಬಾಗಿಲು, ಐದು ಸೀಟು. ಬಾನೆಟ್ಟಿನ ಕೆಳಗೆ 6.2 ಲೀಟರಿನ ಎಂಟು ಸಿಲಿಂಡರ್ ಪೆಟ್ರೋಲ್ ಎಂಜಿನ್, 668 ಅಶ್ವಶಕ್ತಿ. ಗಂಟೆಗೆ 320 ಕಿಲೋಮೀಟರ್ ದಾಟುವ ವೇಗ. ಎಲ್ಲಕ್ಕಿಂತ ಅಚ್ಚರಿಯೆಂದರೆ ಎಡಗಾಲಿಗೆ ಕ್ಲಚ್ಚು, ಬಲಗೈಗೆ ಆರು ಗೇರಿನ ಲಿವರು.

ಎರಡೂ ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಂಪನಿಗೆ ಎರಡು ನಾಲಿಗೆ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಒಂದು ವಿದ್ಯೆಗೆ ಕೊನೆಗಾಲ ಬಂತು ಎಂದು ಗೊತ್ತಾದಾಗ ಅದನ್ನು ಬಲ್ಲವರು ತಮಗೆ ತಿಳಿದದ್ದನ್ನೆಲ್ಲ ಒಂದೇ ಕಡೆ ತಂದು ಸುರಿಯಲು ಹೊರಡುತ್ತಾರೆ. ಪೆಟ್ರೋಲಿನಿಂದ ಓಡುವ ತನ್ನ ‘ವಿ’ ಸಾಲಿನ ವೇಗದ ಕಾರುಗಳಲ್ಲಿ ಇದೇ ಕೊನೆ ಎಂದು ಕ್ಯಾಡಿಲಾಕ್ ಆಗ ಹೇಳಿಯೂ ಇತ್ತು. ವಿದ್ಯುತ್ ಕಾರುಗಳ ಆ ಅವಸರ ಮುಂದೆ ಸ್ವಲ್ಪ ಸಡಿಲವಾಯಿತು, ಅದು ಬೇರೆ ಮಾತು. ಈ ಕಾರು ನನ್ನನ್ನು ಸೆಳೆದದ್ದು ವೇಗಕ್ಕಲ್ಲ, ಶ್ರೀಮಂತಿಕೆಗಂತೂ ಅಲ್ಲ. ಓಡಿಸುವವರ ಕೈಕಾಲಿಗೆ ಇದು ಇನ್ನೂ ಕೆಲಸ ಉಳಿಸಿದೆ. ಅದರ ಜೊತೆಗೆ, ಹೆಸರು ಕೆಡಿಸಿಕೊಂಡಿದ್ದ ಒಂದು ಹಳೆಯ ಮನೆತನ ಮೈಮುರಿದು ದುಡಿದು ಆ ಹೆಸರನ್ನು ಮರಳಿ ಸಂಪಾದಿಸಿದ ಕತೆ ಇದರ ಹಿಂದಿದೆ. ಆ ಕತೆ ಗೊತ್ತಿಲ್ಲದೆ ಕಾರಿನ ರುಚಿ ಪೂರ್ತಿ ಹತ್ತುವುದಿಲ್ಲ.

ಡೆಟ್ರಾಯ್ಟ್ ಪಟ್ಟಣಕ್ಕೆ 1701ರಲ್ಲಿ ಅಡಿಗಲ್ಲಿಟ್ಟ ಫ್ರೆಂಚ್ ಅಧಿಕಾರಿಯ ಹೆಸರು ಆಂಟ್ವಾನ್ ದ ಲಾ ಮೋತ್ ಕ್ಯಾಡಿಲಾಕ್. 1902ರಲ್ಲಿ, ಹೆನ್ರಿ ಫೋರ್ಡ್ ಬಿಟ್ಟುಹೋದ ಒಂದು ಕಂಪನಿಯ ಅವಶೇಷದ ಮೇಲೆ ಹೊಸ ಕಾರ್ಖಾನೆ ಎದ್ದಾಗ ಆ ಅಧಿಕಾರಿಯ ಹೆಸರನ್ನೇ ಇಟ್ಟರು. ಅದನ್ನು ಕಟ್ಟಿ ನಿಲ್ಲಿಸಿದವರು ಹೆನ್ರಿ ಲೆಲೆಂಡ್, ಬಂದೂಕು ಕಾರ್ಖಾನೆಯಲ್ಲಿ, ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ ಪಳಗಿದ ಮನುಷ್ಯ. ಒಂದು ಬಿಡಿಭಾಗ ಇನ್ನೊಂದರ ಜಾಗದಲ್ಲಿ ಅರ ಹಾಕದೆ ಕೂರಬೇಕು ಎಂಬುದು ಅವರ ವ್ರತ. ಆ ಕಾಲದಲ್ಲಿ ಕಾರಿನ ಭಾಗಗಳನ್ನು ಕುಶಲಕರ್ಮಿಗಳು ಒಂದೊಂದಾಗಿ ಉಜ್ಜಿ ಹೊಂದಿಸುತ್ತಿದ್ದರು. ಒಂದು ಕಾರಿನ ಪಿಸ್ಟನ್ ಅದರ ಪಕ್ಕದ ಕಾರಿಗೆ ಆಗುತ್ತಿರಲಿಲ್ಲ.

1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟದಂಗಳದಲ್ಲಿ ಈ ವ್ರತಕ್ಕೆ ಪರೀಕ್ಷೆ ನಡೆಯಿತು. ಮೂರು ಕ್ಯಾಡಿಲಾಕ್ ಕಾರುಗಳನ್ನು ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಾಗಿ ಕಲಸಿದರು. ಕೆಲವು ಭಾಗಗಳನ್ನು ತೆಗೆದಿಟ್ಟು, ಅವುಗಳ ಬದಲು ಅಂಗಡಿಯ ದಾಸ್ತಾನಿನಿಂದ ಹೊಸವನ್ನು ತಂದು ಸೇರಿಸಿದರು. ಮೆಕ್ಯಾನಿಕ್‌ಗಳು ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನಷ್ಟೇ ಹಿಡಿದು ಆ ರಾಶಿಯಿಂದ ಮತ್ತೆ ಮೂರು ಕಾರು ಜೋಡಿಸಿದರು. ಮೂರೂ ಸ್ಟಾರ್ಟ್ ಆದವು, 500 ಮೈಲಿ ಓಡಿದವು. ಬ್ರಿಟಿಷರು ತಮ್ಮ ಡ್ಯೂವರ್ ಟ್ರೋಫಿಯನ್ನು ಒಂದು ಅಮೆರಿಕನ್ ಕಂಪನಿಯ ಕೈಗೆ ಕೊಟ್ಟರು. ಜಗತ್ತಿಗೇ ತಾನು ಮಾನದಂಡ ಎಂದು ಕ್ಯಾಡಿಲಾಕ್ ಹೇಳಿಕೊಳ್ಳತೊಡಗಿದ್ದು ಈ ಬಲದ ಮೇಲೆ. ಮರುವರ್ಷ ಜನರಲ್ ಮೋಟರ್ಸ್ ಅದನ್ನು ಕೊಂಡಿತು.

ಹ್ಯಾಂಡಲ್ ಹಾಕಿ ತಿರುಗಿಸಿ ಕಾರು ಸ್ಟಾರ್ಟ್ ಮಾಡುವ ಕಾಲ ಅದು. ಹ್ಯಾಂಡಲ್ ಹಿಮ್ಮುಖವಾಗಿ ಒದ್ದರೆ ಕೈ ಮುರಿಯುತ್ತಿತ್ತು, ದವಡೆ ಒಡೆಯುತ್ತಿತ್ತು. 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ವಿದ್ಯುತ್ ಸ್ಟಾರ್ಟರ್ ಜೋಡಿಸಿಕೊಟ್ಟರು. ಹೆಂಗಸರು, ವಯಸ್ಸಾದವರು ಯಾರ ನೆರವೂ ಇಲ್ಲದೆ ಕಾರು ತೆಗೆದುಕೊಂಡು ಹೋಗುವುದು ಸಲೀಸಾದದ್ದು ಅಲ್ಲಿಂದ. ಅದಕ್ಕೆ ಎರಡನೆಯ ಡ್ಯೂವರ್ ಟ್ರೋಫಿ ಬಂತು. 1915ರ ಮಾದರಿಗೆ ಎಂಟು ಸಿಲಿಂಡರುಗಳ ವಿ-8 ಎಂಜಿನ್ ಬಂತು. 1930ರಲ್ಲಿ ಹದಿನಾರು ಸಿಲಿಂಡರಿನದೂ ಬಂತು. ಲೆಲೆಂಡ್ 1917ರಲ್ಲಿ ಕ್ಯಾಡಿಲಾಕ್ ಬಿಟ್ಟು ಹೊರನಡೆದು ಲಿಂಕನ್ ಕಂಪನಿ ಕಟ್ಟಿದರು. ಅಮೆರಿಕದ ಎರಡು ದೊಡ್ಡ ಐಷಾರಾಮಿ ಕಾರುಗಳ ಮೂಲಪುರುಷ ಒಬ್ಬನೇ.

ಈ ಕಾರಿಗೆ ಅಮೆರಿಕದ ಸಮಾಜದಲ್ಲಿ ಒದಗಿದ ಇನ್ನೊಂದು ಅರ್ಥವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1930ರ ದಶಕದ ಮಹಾಕುಸಿತದಲ್ಲಿ ಕ್ಯಾಡಿಲಾಕ್ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿತ್ತು. ಕಪ್ಪು ಜನರಿಗೆ ಕಾರು ಮಾರಬಾರದು ಎಂಬುದು ಆಗಿನ ನೀತಿ. ಸರ್ವೀಸ್ ವಿಭಾಗದಲ್ಲಿದ್ದ ಜರ್ಮನ್ ಮೂಲದ ನಿಕೋಲಸ್ ಡ್ರೇಸ್ಟಾಟ್ ಒಂದು ಸಂಗತಿ ಗಮನಿಸಿದರು. ಸರ್ವೀಸಿಗೆ ಕಾರು ತರುವವರಲ್ಲಿ ಕಪ್ಪು ವೈದ್ಯರು, ಬಾಕ್ಸರುಗಳು, ಗಾಯಕರು ಎಷ್ಟೋ ಜನ! ಬಿಳಿಯನೊಬ್ಬನಿಗೆ ಹಣ ಕೊಟ್ಟು, ಅವನ ಹೆಸರಿನಲ್ಲಿ ಅವರು ಕಾರು ಕೊಳ್ಳುತ್ತಿದ್ದರು. ಒಳ್ಳೆಯ ಬಡಾವಣೆಯಲ್ಲಿ ಮನೆ ಸಿಗದ, ಒಳ್ಳೆಯ ಹೋಟೆಲಿನೊಳಗೆ ಕಾಲಿಡಲಾಗದ ಮನುಷ್ಯನಿಗೆ ತನ್ನ ದುಡಿಮೆಯ ಗುರುತಾಗಿ ಉಳಿದದ್ದು ಈ ಕಾರೊಂದೇ. ಅವರಿಗೆ ನೇರವಾಗಿ ಮಾರೋಣ ಎಂದು ಡ್ರೇಸ್ಟಾಟ್ ಮೇಲಿನವರನ್ನು ಒಪ್ಪಿಸಿದರು, ಕ್ಯಾಡಿಲಾಕ್ ಉಳಿಯಿತು. ಆಡಳಿತ ಚಿಂತಕ ಪೀಟರ್ ಡ್ರಕರ್ ಇದನ್ನು ದಾಖಲಿಸಿದ್ದಾರೆ. ಯಾರನ್ನು ಬಾಗಿಲಾಚೆ ನಿಲ್ಲಿಸಿತ್ತೋ ಅವರೇ ಕಂಪನಿಯನ್ನು ಕಾಪಾಡಿದರು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು ವರ್ಷ ಕ್ಯಾಡಿಲಾಕ್‌ನ ಸುಗ್ಗಿ. ಎಲ್ವಿಸ್ ಪ್ರೆಸ್ಲಿಯ ಗುಲಾಬಿ ಕಾರು, 1959ರ ಮಾದರಿಯ ಆಕಾಶಕ್ಕೆ ಚಾಚಿದ ಹಿಂಬದಿಯ ರೆಕ್ಕೆಗಳು ಎಲ್ಲರಿಗೂ ಗೊತ್ತಿರುವ ಚಿತ್ರಗಳೇ. ಬಿದ್ದದ್ದು 1970ರ ದಶಕದಲ್ಲಿ. 1973ರ ತೈಲ ಬಿಕ್ಕಟ್ಟು ಒಂದು ಕಡೆ, ಹೊಗೆ ನಿಯಂತ್ರಣದ ಕಾನೂನು ಇನ್ನೊಂದು ಕಡೆ. 1976ರ ಎಲ್ಡೊರಾಡೊ ಕಾರಿಗೆ 8.2 ಲೀಟರಿನ ಎಂಜಿನ್ ಇತ್ತು, ಅದರಿಂದ ಹೊರಟದ್ದು 190 ಅಶ್ವಶಕ್ತಿ! ಇವತ್ತಿನ ಬ್ಲ್ಯಾಕ್‌ವಿಂಗ್‌ನ ಎಂಜಿನ್ ಅದಕ್ಕಿಂತ ಎರಡು ಲೀಟರ್ ಚಿಕ್ಕದು, ಶಕ್ತಿ ಮೂರೂವರೆ ಪಟ್ಟು. 1982ರ ಮಾದರಿಯಾಗಿ ಸಿಮರಾನ್ ಎಂಬ ಕಾರು ಬಂತು. ಅದು ಅಗ್ಗದ ಷೆವರ್ಲೆ ಕ್ಯಾವಲಿಯರ್‌ಗೇ ಚರ್ಮದ ಸೀಟು, ಕ್ಯಾಡಿಲಾಕ್ ಬಿರುದು ತೊಡಿಸಿದ ಕಾರು, ಜನ ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಅದರ ಹಿಂದಿನ ವರ್ಷದ ಮಾದರಿಗಳಲ್ಲಿ, ಬೇಡದಾಗ ಎಂಟರಲ್ಲಿ ಎರಡೋ ನಾಲ್ಕೋ ಸಿಲಿಂಡರು ತಾನಾಗಿ ನಿಲ್ಲುವ ಎಂಜಿನ್ ತಂದಿದ್ದರು. ಕಲ್ಪನೆ ಒಳ್ಳೆಯದೇ, ಆದರೆ ಅದನ್ನು ನಡೆಸುವಷ್ಟು ಚುರುಕು ಆಗಿನ ಎಲೆಕ್ಟ್ರಾನಿಕ್ಸ್‌ಗೆ ಇರಲಿಲ್ಲ. ಕೊಂಡವರ ಪಾಲಿಗೆ ಗ್ಯಾರೇಜ್ ಅಲೆದಾಟವಾಯಿತು.

ಅದೇ ಹೊತ್ತಿಗೆ ಜರ್ಮನಿಯಲ್ಲಿ ಬೇರೆಯದೇ ಒಂದು ಬಗೆಯ ಕಾರು ಹುಟ್ಟುತ್ತಿತ್ತು. 1985ರಲ್ಲಿ ಬಿಎಂಡಬ್ಲ್ಯು ತನ್ನ ಸಾಮಾನ್ಯ ಕುಟುಂಬದ ಸೆಡಾನ್‌ಗೆ ಓಟದ ತಳಿಯ 286 ಅಶ್ವಶಕ್ತಿಯ ಎಂಜಿನ್ ಕೂರಿಸಿ ಎಂ5 ಎಂದು ಕರೆಯಿತು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಕಾರೇ ಸಂಜೆ ಸ್ಪೋರ್ಟ್ಸ್ ಕಾರುಗಳನ್ನು ಹಿಂದೆ ಹಾಕುತ್ತಿತ್ತು. ದೊಡ್ಡ ಎಂಜಿನ್ನಿಟ್ಟ ಕಾರು ಅಮೆರಿಕನ್ನರಿಗೆ ಹೊಸದಲ್ಲ. 1955ರಲ್ಲೇ ಕ್ರೈಸ್ಲರ್ ಸಿ-300 ಎಂಬ 300 ಅಶ್ವಶಕ್ತಿಯ ಐಷಾರಾಮಿ ಕಾರು ಮಾಡಿತ್ತು. ಆದರೆ ನೇರ ರಸ್ತೆಯಲ್ಲಿ ಧಾವಿಸುವುದು ಒಂದು ವಿದ್ಯೆ, ತಿರುವಿನಲ್ಲಿ ಮೈ ಓಲಾಡಿಸದೆ ಹೋಗುವುದು ಇನ್ನೊಂದು. ಎರಡನೆಯದನ್ನು ಡೆಟ್ರಾಯ್ಟ್ ಕಲಿತಿರಲಿಲ್ಲ.

ಕಲಿಯಲು ಅದು ಹೋದದ್ದು ಜರ್ಮನಿಗೇ. ಐಫೆಲ್ ಬೆಟ್ಟಗಳ ನಡುವೆ ನ್ಯೂರ್ಬರ್ಗ್‌ರಿಂಗ್ ಎಂಬ 20 ಕಿಲೋಮೀಟರಿಗೂ ಉದ್ದದ ಓಟದ ಹಾದಿ ಇದೆ. ಏರು, ಇಳಿತ, ಕಣ್ಣಿಗೆ ಕಾಣದ ತಿರುವು, ಚಕ್ರ ನೆಲ ಬಿಡುವ ದಿಬ್ಬ, ಎಲ್ಲವೂ ಒಂದೇ ಸುತ್ತಿನಲ್ಲಿ ಎದುರಾಗುತ್ತವೆ. ಅಲ್ಲಿ ಕಾರಿನ ಯಾವ ಕೊರತೆಯನ್ನೂ ಮುಚ್ಚಿಡಲಾಗದು. 2003ರ ಮಾದರಿಯಾಗಿ ಬಂದ ಸಿಟಿಎಸ್ ಎಂಬ ಹೊಸ ಸೆಡಾನ್‌ನ ಚಾಸಿಯನ್ನು ಕ್ಯಾಡಿಲಾಕ್ ಎಂಜಿನಿಯರುಗಳು ಆ ಹಾದಿಯಲ್ಲಿ ತಿದ್ದಿದರು. ಮರುವರ್ಷ ಅದಕ್ಕೆ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ 5.7 ಲೀಟರ್ ಎಂಜಿನ್ ಕೂರಿಸಿ ಸಿಟಿಎಸ್-ವಿ ಎಂದರು. 400 ಅಶ್ವಶಕ್ತಿ, ಕೈಯಿಂದ ಹಾಕುವ ಆರು ಗೇರು. ಆಟೊಮ್ಯಾಟಿಕ್ ಬೇಕು ಎಂದವರಿಗೆ ಇಲ್ಲ ಎಂದರು. ಮೆತ್ತನೆಯ ಸೋಫಾದಂಥ ಸೀಟಿನ, ನಿವೃತ್ತರ ಕಾರು ಎಂದೇ ಹೆಸರಾಗಿದ್ದ ಕಂಪನಿಗೆ ಇದು ಸಣ್ಣ ಧೈರ್ಯವಲ್ಲ. ಆ ಮೊದಲ ಕಾರಿನಲ್ಲಿ ಒರಟುತನ ಇತ್ತು, ಒಳಾಂಗಣ ಸಾಧಾರಣವಾಗಿತ್ತು. ಆದರೂ ದಾರಿ ಸರಿ ಇತ್ತು.

2008ರ ಮೇ ತಿಂಗಳಲ್ಲಿ ಎರಡನೆಯ ಪೀಳಿಗೆಯ ಸಿಟಿಎಸ್-ವಿ ಅದೇ ಹಾದಿಗೆ ಮರಳಿತು. ಈ ಸಲ 6.2 ಲೀಟರಿನ ಸೂಪರ್‌ಚಾರ್ಜರ್ ಎಂಜಿನ್, 556 ಅಶ್ವಶಕ್ತಿ. ಸ್ಟೀರಿಂಗ್ ಹಿಡಿದವರು ಕಂಪನಿಯ ಎಂಜಿನಿಯರ್ ಜಾನ್ ಹೈನ್ರಿಸಿ. ಸುತ್ತು ಮುಗಿದಾಗ ಗಡಿಯಾರ ತೋರಿಸಿದ್ದು 7 ನಿಮಿಷ 59.32 ಸೆಕೆಂಡು. ಅಂಗಡಿಯಲ್ಲಿ ಮಾರುವ ಸೆಡಾನೊಂದು ಅಲ್ಲಿ ಎಂಟು ನಿಮಿಷದ ಗೆರೆ ದಾಟಿದ್ದು, ಅದೂ ಅಮೆರಿಕದ ಕಾರು, ಜರ್ಮನ್ ಕಂಪನಿಗಳ ಸ್ವಂತ ಅಂಗಳದಲ್ಲಿ.

ಮುಂದಿನ ವರ್ಷದ ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿತು. ಕಾರ್ಖಾನೆಗಳು ಮುಚ್ಚಿದವು, ಪಾಂಟಿಯಾಕ್, ಸ್ಯಾಟರ್ನ್‌ನಂಥ ಹೆಸರುಗಳೇ ಅಳಿದವು. ಸರ್ಕಾರದ ಹಣದಿಂದ ಕಂಪನಿ ಮತ್ತೆ ಉಸಿರಾಡತೊಡಗಿದ ಆ ದಿನಗಳಲ್ಲಿ, ಅಕ್ಟೋಬರಿನಲ್ಲಿ, ಅದರ ಉಪಾಧ್ಯಕ್ಷ ಬಾಬ್ ಲಟ್ಜ್ ಒಂದು ಸವಾಲು ಹಾಕಿದರು. ಮಾರುಕಟ್ಟೆಯ ಯಾವುದೇ ಸೆಡಾನ್ ತನ್ನಿ, ನಮ್ಮ ಸಿಟಿಎಸ್-ವಿಯನ್ನು ಸೋಲಿಸಿ ನೋಡೋಣ ಎಂದರು. ನ್ಯೂಯಾರ್ಕ್ ರಾಜ್ಯದ ಮಾಂಟಿಚೆಲ್ಲೊ ಟ್ರ್ಯಾಕಿನಲ್ಲಿ ಪತ್ರಕರ್ತರು, ಕಾರುಪ್ರಿಯರು ಸೇರಿದರು. 77 ವರ್ಷದ ಲಟ್ಜ್ ತಾವೇ ಹೆಲ್ಮೆಟ್ ಹಾಕಿ ಕಣಕ್ಕಿಳಿದರು. ಎಲ್ಲರಿಗಿಂತ ಬೇಗ ಸುತ್ತು ಮುಗಿಸಿದವರು ಮತ್ತೆ ಹೈನ್ರಿಸಿಯೇ. ಕಂಪನಿಯ ಖಜಾನೆ ಬರಿದಾಗಿದ್ದಾಗಲೂ ಎಂಜಿನಿಯರುಗಳ ಕೈಯಲ್ಲಿ ವಿದ್ಯೆ ಇತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಈ ಕಾರನ್ನು ಇಷ್ಟಪಡುವ ಅಮೆರಿಕನ್ನರ ಮಾತಿನಲ್ಲಿ ಇವತ್ತಿಗೂ ಒಂದು ಬಿಸಿ ಇರುತ್ತದೆ. ಅದಕ್ಕೆ 2009ರ ನೆನಪೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಮೂರನೆಯ ಪೀಳಿಗೆಗೆ 640 ಅಶ್ವಶಕ್ತಿ ಬಂತು, ಕ್ಲಚ್ ಪೆಡಲ್ ಹೋಯಿತು. ಎಂಟು ಗೇರಿನ ಆಟೊಮ್ಯಾಟಿಕ್ ಒಂದೇ. ಒಳ್ಳೆಯ ಕಾರು, ಆದರೆ ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ.

ಈಗ ಬ್ಲ್ಯಾಕ್‌ವಿಂಗ್‌ಗೆ ಬರೋಣ. ಕ್ಯಾಡಿಲಾಕ್‌ನ ಹಳೆಯ ಲಾಂಛನದಲ್ಲಿ ಕಾಲಿಲ್ಲದ ಪುಟ್ಟ ಕಪ್ಪು ಹಕ್ಕಿಗಳಿದ್ದವು, ಆ ಹಕ್ಕಿಗಳ ರೆಕ್ಕೆಯೇ ಈ ಹೆಸರಿನ ಮೂಲ. ಕಾರು ತಯಾರಾಗುವುದು ಮಿಶಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ, ಎಂಜಿನ್ ಸಿದ್ಧವಾಗುವುದು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ. ಅಲ್ಲಿ ಒಂದು ಎಂಜಿನ್ನನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಜೋಡಿಸುತ್ತಾರೆ. ಕೆಲಸ ಮುಗಿದ ಮೇಲೆ ಅವರ ಹೆಸರಿನ ಫಲಕ ಎಂಜಿನ್ನಿನ ಮೇಲೆ ಕೂರುತ್ತದೆ. ಬಾನೆಟ್ ಎತ್ತಿದ ಮಾಲೀಕನಿಗೆ ಮೊದಲು ಕಾಣುವುದರಲ್ಲಿ ಅದೂ ಒಂದು. ನೂರಾರು ಕೈಗಳ ನಡುವೆ ಯಾರ ಕೆಲಸವೂ ಯಾರದ್ದೆಂದು ತಿಳಿಯದ ಕಾರ್ಖಾನೆ ಯುಗದಲ್ಲಿ ಕಾರ್ಮಿಕರ ಹೆಸರಿಗೆ ಸಿಕ್ಕ ಈ ಜಾಗ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆ ಎಂಜಿನ್ನಿನ ವಿನ್ಯಾಸ ಹಳೆಯದು ಎಂದು ಮೂಗು ಮುರಿಯುವವರಿದ್ದಾರೆ. ಯುರೋಪಿನ, ಜಪಾನಿನ ಎಂಜಿನ್ನುಗಳಲ್ಲಿ ವಾಲ್ವು ತೆರೆಯುವ ಕ್ಯಾಮ್‌ಶಾಫ್ಟುಗಳು ಸಿಲಿಂಡರಿನ ತಲೆಯ ಮೇಲಿರುತ್ತವೆ. ಇಲ್ಲಿ ಒಂದೇ ಕ್ಯಾಮ್‌ಶಾಫ್ಟ್ ಎಂಜಿನ್ನಿನ ನಡುಹೊಟ್ಟೆಯಲ್ಲಿ ಕೂತು, ಉದ್ದನೆಯ ಸಲಾಕೆಗಳ ಮೂಲಕ ವಾಲ್ವುಗಳನ್ನು ನೂಕುತ್ತದೆ. 1955ರ ಷೆವರ್ಲೆ ವಿ-8ರಲ್ಲಿ ಪಕ್ಕಪಕ್ಕದ ಸಿಲಿಂಡರುಗಳ ನಡುವೆ ಎಷ್ಟು ಅಂತರವಿತ್ತೋ ಇದರಲ್ಲೂ ಅಷ್ಟೇ, 4.4 ಇಂಚು. ಹಳೆಯದು ನಿಜ, ಆದರೆ ಅದರಲ್ಲಿ ಜಾಣತನವಿದೆ. ತಲೆಯ ಮೇಲೆ ಭಾರವಿಲ್ಲದ್ದರಿಂದ ಎಂಜಿನ್ ಕುಳ್ಳಗಾಗುತ್ತದೆ, ಬಾನೆಟ್ಟಿನಡಿ ತಗ್ಗಿನಲ್ಲಿ ಕೂರುತ್ತದೆ, ಕಾರಿನ ಭಾರ ನೆಲಕ್ಕೆ ಹತ್ತಿರವಾಗುತ್ತದೆ. 6.2 ಲೀಟರಿನ ಗಾತ್ರವಿದ್ದೂ ಅದು ಹಿಡಿಯುವ ಜಾಗ ಕಡಿಮೆ.

ಎರಡು ಸಾಲು ಸಿಲಿಂಡರುಗಳ ಮಧ್ಯದ ಕಣಿವೆಯಲ್ಲಿ ಸೂಪರ್‌ಚಾರ್ಜರ್ ಇದೆ. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನ್ನಿಗೆ ಇದು ಹಾಗೆ, ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಟರ್ಬೊ ಎಂಜಿನ್ನಿನಲ್ಲಿ ಈ ಕೆಲಸ ಹೊಗೆಯ ರಭಸದಿಂದ ನಡೆಯುವುದರಿಂದ ಕಾಲು ಒತ್ತಿದ ಮೇಲೆ ಒಂದು ಕ್ಷಣ ಕಾಯಬೇಕು. ಇಲ್ಲಿ ಎಂಜಿನ್ನಿನ ತಿರುಗುವ ದಂಡಕ್ಕೇ ಬೆಲ್ಟ್ ಕಟ್ಟಿದೆ. ಕಾಲು ಎಷ್ಟು ಒತ್ತಿತೋ ಅಷ್ಟು, ಒತ್ತಿದ ತಕ್ಷಣ. ಎಂಜಿನ್ ಕೊಡುವ ತಿರುಚುಬಲ ಸುಮಾರು 890 ನ್ಯೂಟನ್ ಮೀಟರ್, ಅದು ಪೂರ್ತಿ ಹಿಂದಿನ ಎರಡು ಚಕ್ರಗಳಿಗೇ ಹೋಗುತ್ತದೆ. ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರ್ ಮುಟ್ಟಲು ಮೂರೂವರೆ ಸೆಕೆಂಡಿನ ಆಸುಪಾಸು.

ಸದ್ದಿನ ವಿಷಯವನ್ನು ನಾನು ಮನಸಾರೆ ಹೇಳಬೇಕು. ಅಮೆರಿಕದ ವಿ-8ಕ್ಕೆ ಇರುವ ಆ ಎದೆಯಾಳದ, ಏರುಪೇರಿನ ಗುಡುಗು ಇಟಲಿಯ ಫೆರಾರಿ ವಿ-8ಕ್ಕೆ ಇಲ್ಲ. ಕಾರಣ ಕ್ರ್ಯಾಂಕ್‌ಶಾಫ್ಟಿನ ಆಕಾರ. 1915ರ ಕ್ಯಾಡಿಲಾಕ್ ವಿ-8ರಲ್ಲಿ ಆ ದಂಡದ ಬಾಗುಗಳೆಲ್ಲ ಒಂದೇ ಸಮತಲದಲ್ಲಿದ್ದವು, ಎಂಜಿನ್ ಅದುರುತ್ತಿತ್ತು. 1923ರಲ್ಲಿ ಕ್ಯಾಡಿಲಾಕ್ ಎಂಜಿನಿಯರುಗಳು ಲೆಕ್ಕ ಹಾಕಿ ಬಾಗುಗಳನ್ನು ಒಂದಕ್ಕೊಂದು ಲಂಬವಾಗಿ, ಎದುರಿನಿಂದ ನೋಡಿದರೆ ಕೂಡಿಸುವ ಚಿಹ್ನೆಯಂತೆ ಕಾಣುವಂತೆ ಇಟ್ಟರು. ಅದುರುವುದು ನಿಂತಿತು. ಅದರ ಜೊತೆಗೆ ಒಂದೊಂದು ಸಾಲಿನ ಸಿಲಿಂಡರುಗಳು ಸಮ ಅಂತರದಲ್ಲಿ ಉರಿಯದೆ, ಒಮ್ಮೆ ಹತ್ತಿರ ಒಮ್ಮೆ ದೂರ ಉರಿಯತೊಡಗಿದವು. ಆ ಗುಡುಗು ಹುಟ್ಟಿದ್ದು ಹೀಗೆ. ಅಮೆರಿಕದ ರಸ್ತೆಗಳಿಗೆ ಅದರ ದನಿ ಕೊಟ್ಟದ್ದು ಕ್ಯಾಡಿಲಾಕ್. ಬ್ಲ್ಯಾಕ್‌ವಿಂಗ್ ಸ್ಟಾರ್ಟ್ ಆದಾಗ ಕೇಳುವುದು ಆ ಮನೆಯದೇ ದನಿ.

ಇಷ್ಟು ಶಕ್ತಿ ಹಿಂದಿನ ಎರಡೇ ಚಕ್ರಕ್ಕೆ ಹೋದರೆ ಕಾರು ನೆಲ ಕಚ್ಚಿ ನಿಲ್ಲುವುದು ಹೇಗೆ? ಉತ್ತರದ ದೊಡ್ಡ ಪಾಲು ಶಾಕ್ ಅಬ್ಸಾರ್ಬರಿನಲ್ಲಿದೆ. ಅದರೊಳಗಿನ ಎಣ್ಣೆಯಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳು ಬೆರೆತಿವೆ. ಸುರುಳಿಯಲ್ಲಿ ವಿದ್ಯುತ್ ಹರಿದರೆ ಕಣಗಳು ಸಾಲುಗಟ್ಟಿ ಎಣ್ಣೆ ಗಟ್ಟಿಯಾಗುತ್ತದೆ, ವಿದ್ಯುತ್ ನಿಂತರೆ ಮತ್ತೆ ತೆಳುವಾಗುತ್ತದೆ. ಇದು ಸೆಕೆಂಡಿನಲ್ಲಿ ನೂರಾರು ಬಾರಿ ನಡೆಯಬಲ್ಲದು. ಹಳ್ಳ ಬಂದರೆ ಮೆತ್ತಗೆ, ತಿರುವು ಬಂದರೆ ಬಿಗಿ. ಇಂಥ ಎಣ್ಣೆಯ ಪ್ರಯೋಗಗಳನ್ನು 1940ರ ದಶಕದ ಕೊನೆಯಲ್ಲೇ ಜೇಕಬ್ ರಾಬಿನೋ ಎಂಬ ಅಮೆರಿಕನ್ ವಿಜ್ಞಾನಿ ಮಾಡಿದ್ದರು. ಅದು ಮೊದಲು ಕಾರಿನೊಳಗೆ ಬಂದದ್ದು 2002ರ ಕ್ಯಾಡಿಲಾಕ್ ಸೆವಿಲ್‌ನಲ್ಲಿ. ಮುಂದೆ ಫೆರಾರಿ, ಆಡಿ ಕೂಡ ತೆಗೆದುಕೊಂಡವು.

ಇದನ್ನೆಲ್ಲ ಓದಿ ತಿಳಿಯುವುದು ಬೇರೆ, ಕೂತು ತಿಳಿಯುವುದು ಬೇರೆ. ಡೆಟ್ರಾಯ್ಟ್ ಹೊರವಲಯದ ನೋವೈನಲ್ಲಿರುವ ಹಾಸನ ಕಡೆಯ ಗೆಳೆಯನೊಬ್ಬ ಒಂದು ಭಾನುವಾರ ತನ್ನ ಬ್ಲ್ಯಾಕ್‌ವಿಂಗ್‌ನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟ. ಹಿಂದಿನ ಸೀಟಿನಲ್ಲಿ ಅವನ ಮಗಳ ಬೂಸ್ಟರ್ ಸೀಟು, ಡಿಕ್ಕಿಯಲ್ಲಿ ಅಂಗಡಿಯಿಂದ ತಂದ ಅಕ್ಕಿ ಮೂಟೆ. ಮಿಶಿಗನ್‌ನ ರಸ್ತೆಗಳು ಚಳಿಗಾಲದ ಹಿಮ, ಉಪ್ಪಿಗೆ ಸಿಕ್ಕಿ ನಮ್ಮ ರಸ್ತೆಗಳಂತೆಯೇ ಗುಂಡಿ ಬಿದ್ದಿರುತ್ತವೆ. ಕಾರು ಅವುಗಳ ಮೇಲೆ ಶಾಂತವಾಗಿ ಹೋಯಿತು. ಹೆದ್ದಾರಿಗೆ ಸೇರುವ ಏರಿನಲ್ಲಿ ಅವನು ಎರಡನೆಯ ಗೇರಿನಿಂದ ಮೂರಕ್ಕೆ ಹಾಕಿ ಕಾಲು ಒತ್ತಿದಾಗ ನನ್ನ ಬೆನ್ನು ಸೀಟಿಗೆ ಅಂಟಿತು, ಮಾತು ನಿಂತಿತು. ವೇಗದ ಮಿತಿ ಮುಟ್ಟಿದೊಡನೆ ಕಾಲು ತೆಗೆದ. ಅಷ್ಟೇ. “ಆಟೊಮ್ಯಾಟಿಕ್ ತಗೊಂಡಿದ್ರೆ ಇನ್ನೂ ಫಾಸ್ಟು ಕಣೋ. ಆದ್ರೆ ಆಗ ಓಡಿಸೋದು ಕಾರು, ನಾನಲ್ಲ” ಎಂದ. ಈ ಕಾರಿನ ಆಕರ್ಷಣೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಅದಕ್ಕಿಂತ ನಿಜವಾದದ್ದು ಇಲ್ಲ.

ಅವನ ಮಾತಿಗೆ ತೂಕ ಬರುವುದು ಬೇರೆ ಕಾರುಗಳ ಪಕ್ಕದಲ್ಲಿಟ್ಟಾಗ. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಕೂಡ ಅಮೆರಿಕದ್ದೇ ಸೆಡಾನ್, 1,020 ಅಶ್ವಶಕ್ತಿ. ಅರಿಜೋನಾದಲ್ಲಿ ತಯಾರಾಗುವ ಲೂಸಿಡ್ ಏರ್ ಸಫೈರ್‌ಗೆ 1,234. ನಿಂತಲ್ಲಿಂದ ಓಡುವ ಪಂದ್ಯದಲ್ಲಿ ಇವೆರಡೂ ಬ್ಲ್ಯಾಕ್‌ವಿಂಗನ್ನು ಬಹಳ ಹಿಂದೆ ಬಿಡುತ್ತವೆ. ಅವು ದೊಡ್ಡ ಸಾಧನೆಗಳು, ಎಂಜಿನಿಯರಿಂಗ್ ಪ್ರೀತಿಸುವ ಯಾರೂ ಅಲ್ಲಗಳೆಯಲಾರರು. ಆದರೆ ಪೆಡಲ್ ಒತ್ತುವುದರ ಹೊರತು ಆ ವೇಗದಲ್ಲಿ ಓಡಿಸುವವರ ಪಾಲೇನೂ ಇಲ್ಲ. ಬಿಎಂಡಬ್ಲ್ಯು ಎಂ5 ಈಗ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಹೈಬ್ರಿಡ್ ಕಾರಾಗಿದೆ, ತೂಕ 2,400 ಕೆ.ಜಿ. ಮುಟ್ಟಿದೆ. ಬ್ಲ್ಯಾಕ್‌ವಿಂಗ್‌ನದು ಅದಕ್ಕಿಂತ ಸುಮಾರು 500 ಕೆ.ಜಿ. ಕಡಿಮೆ. ಮರ್ಸಿಡಿಸ್ ತನ್ನ ಹೆಸರಾಂತ ಸಿ63 ಕಾರಿನಿಂದ ವಿ-8 ತೆಗೆದು ನಾಲ್ಕು ಸಿಲಿಂಡರಿನ ಹೈಬ್ರಿಡ್ ಹಾಕಿತು. ಯಾರ ಹಾದಿ ಹಿಡಿದು ಕ್ಯಾಡಿಲಾಕ್ ಇಲ್ಲಿಗೆ ಬಂದಿತೋ ಅವರು ಆ ಹಾದಿ ಬಿಟ್ಟು ಹೋಗಿದ್ದಾರೆ.

ಅಮೆರಿಕದಲ್ಲಿ ಇವತ್ತು ಮಾರಾಟವಾಗುವ ಹೊಸ ಕಾರುಗಳಲ್ಲಿ ನೂರಕ್ಕೆ ಒಂದೆರಡಕ್ಕೆ ಮಾತ್ರ ಕ್ಲಚ್ ಇರುತ್ತದೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ದಿನವೂ ಕ್ಲಚ್ ತುಳಿದು ಎಡಗಾಲು ನೋಯಿಸಿಕೊಳ್ಳುವ ನಮಗೆ ಅದಕ್ಕಾಗಿ ಯಾರಾದರೂ 85 ಸಾವಿರ ಡಾಲರ್ ಕೊಡುತ್ತಾರೆ ಎಂದರೆ ನಂಬುವುದು ಕಷ್ಟ. ಈ ಕಾರು ಬಂದಾಗಿನ ಬೆಲೆ ಅಷ್ಟಿತ್ತು, ಕೊಂಡವರಲ್ಲಿ ದೊಡ್ಡ ಪಾಲು ಜನ ಕೈಗೇರನ್ನೇ ಆರಿಸಿಕೊಂಡರು. ಅವರಿಗೆ ಅದು ದಿನದ ಬವಣೆಯಲ್ಲ, ಬಲಿತ ಕೌಶಲ. ಎಂಜಿನ್ನಿನ ಸದ್ದು ಕೇಳಿ, ಎಡಗಾಲು, ಬಲಗಾಲು, ಬಲಗೈ ಮೂರನ್ನೂ ಒಂದು ತಾಳಕ್ಕೆ ತಂದು ಗೇರು ಬಿದ್ದಾಗ ಸಿಗುವ ಸುಖ ಲಾರಿ ಓಡಿಸುವವರಿಗೂ ಗೊತ್ತು.

ಇನ್ನು ಇದರ ವಿರುದ್ಧ ಹೇಳಬೇಕಾದದ್ದು. ಪೇಟೆಯ ಓಡಾಟ, ಹೆದ್ದಾರಿ ಎರಡೂ ಸೇರಿದರೆ ಲೀಟರಿಗೆ ಆರೂವರೆ ಕಿಲೋಮೀಟರ್ ಕೂಡ ದಾಟದು. ಹೀಗೆ ಪೆಟ್ರೋಲ್ ಕುಡಿಯುವ ಕಾರುಗಳ ಮೇಲೆ 1978ರ ಕಾನೂನಿನ ಪ್ರಕಾರ ಅಮೆರಿಕ ಸರ್ಕಾರ ವಿಶೇಷ ತೆರಿಗೆ ಹಾಕುತ್ತದೆ, ಇದಕ್ಕೂ ಬೀಳುತ್ತದೆ. ಬೀಳಲೇಬೇಕು. ಆದರೆ ಅದೇ ಕಾನೂನು ಪಿಕಪ್ ಟ್ರಕ್ಕುಗಳನ್ನು, ಎಸ್‌ಯುವಿಗಳನ್ನು ಮುಟ್ಟುವುದಿಲ್ಲ. ಪ್ರತಿ ಮನೆಯ ಮುಂದೆ ನಿಂತಿರುವ ಎರಡೂವರೆ ಟನ್ನಿನ ವಾಹನಗಳಿಗೆ ವಿನಾಯಿತಿ, ಕೆಲವೇ ಸಾವಿರ ಜನ ಕೊಳ್ಳುವ ಸೆಡಾನ್‌ಗೆ ದಂಡ. ವಾತಾವರಣದ ಚಿಂತೆ ನಿಜವಾಗಿ ಇರುವವರು ಮೊದಲು ಈ ಅನ್ಯಾಯವನ್ನು ಸರಿಪಡಿಸಬೇಕು. ಡೆಟ್ರಾಯ್ಟ್ ಸೆಡಾನ್‌ಗಳನ್ನು ಕೈಬಿಟ್ಟದ್ದರಲ್ಲಿ ಇಂಥ ಕಾನೂನುಗಳ ಪಾಲೂ ಇದೆ. ಫೋರ್ಡ್ 2018ರಲ್ಲೇ ತನ್ನ ದೇಶದಲ್ಲಿ ಸೆಡಾನ್ ಸಾಕು ಎಂದಿತು. ಲೆಲೆಂಡ್ ಕಟ್ಟಿದ ಲಿಂಕನ್ 2020ರಲ್ಲಿ ಕಾಂಟಿನೆಂಟಲ್ ನಿಲ್ಲಿಸಿತು. ಕ್ರೈಸ್ಲರ್ 300, ಅದರ ಸೋದರ ಡಾಜ್ ಚಾರ್ಜರ್‌ನ 707 ಅಶ್ವಶಕ್ತಿಯಿಂದ ಶುರುವಾದ ಹೆಲ್‌ಕ್ಯಾಟ್ ತಳಿ, ಎರಡೂ 2023ಕ್ಕೆ ಮುಗಿದವು.

ಇನ್ನು ನಮ್ಮ ಕಡೆಯ ಮಾತು. ಈಚಿನ ದಶಕಗಳಲ್ಲಿ ಕ್ಯಾಡಿಲಾಕ್ ಭಾರತದಲ್ಲಿ ಮಳಿಗೆ ತೆರೆಯಲಿಲ್ಲ. ಜನರಲ್ ಮೋಟರ್ಸ್ ಇಲ್ಲಿ ಷೆವರ್ಲೆ ಮಾರುವುದನ್ನೂ 2017ರ ಕೊನೆಗೆ ನಿಲ್ಲಿಸಿತು. ಹಾಗಂತ ನಂಟೇ ಇಲ್ಲವೆಂದಲ್ಲ. ಆ ಕಂಪನಿಯ ತಾಂತ್ರಿಕ ಕೇಂದ್ರವೊಂದು ಬೆಂಗಳೂರಿನಲ್ಲಿ ಎಷ್ಟೋ ವರ್ಷಗಳಿಂದ ಕೆಲಸ ಮಾಡಿಕೊಂಡು ಬಂದಿದೆ. ಡೆಟ್ರಾಯ್ಟ್ ಸುತ್ತಲಿನ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ಗಳಲ್ಲಿ ವಾಹನ ಉದ್ಯಮವನ್ನೇ ನೆಚ್ಚಿ ಬಂದ ಕನ್ನಡಿಗರ ಮನೆಗಳು ಬಹಳ. ಅಲ್ಲಿನ ಪಂಪ ಕನ್ನಡ ಕೂಟ ಹಳೆಯ ಸಂಘ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ನಡೆದದ್ದೂ ಡೆಟ್ರಾಯ್ಟ್‌ನಲ್ಲೇ.

ಮಗನದೋ ಮಗಳದೋ ಮನೆಗೆಂದು ಬೇಸಿಗೆಯಲ್ಲಿ ಮಿಶಿಗನ್‌ಗೆ ಹೋಗುವ ಓದುಗರಿಗೆ ಒಂದು ಮಾತು. ನಯಾಗರ ನೋಡಿಯೇ ನೋಡುತ್ತೀರಿ, ಅದರ ಜೊತೆಗೆ ಆಗಸ್ಟ್ ತಿಂಗಳ ಮೂರನೆಯ ಶನಿವಾರವನ್ನು ವುಡ್‌ವರ್ಡ್ ಅವೆನ್ಯೂಗೆ ಎತ್ತಿಡಿ. ಅಮೆರಿಕದಲ್ಲಿ ಕಾಂಕ್ರೀಟ್ ಹಾಕಿದ ಮೊದಮೊದಲ ರಸ್ತೆಗಳಲ್ಲಿ ಒಂದು ಅದು. 1995ರಿಂದ ಆ ದಿನ ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಹಳೆಯ, ಹೊಸ ಕಾರುಗಳ ಮೆರವಣಿಗೆ ನಡೆಯುತ್ತದೆ. 1959ರ ರೆಕ್ಕೆಯ ಕ್ಯಾಡಿಲಾಕ್‌ಗಳು, ಸಿಟಿಎಸ್-ವಿಗಳು, ಬ್ಲ್ಯಾಕ್‌ವಿಂಗ್‌ಗಳು ಎಲ್ಲ ಒಂದೇ ರಸ್ತೆಯಲ್ಲಿ ಸಿಗುತ್ತವೆ. ಮಾಲೀಕರು ಬಾನೆಟ್ ಎತ್ತಿ ತೋರಿಸುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾರೆ. ನಿಂತು ನೋಡಲು ಟಿಕೆಟ್ ಇಲ್ಲ. ಬೆಳಿಗ್ಗೆ ಬೇಗ ಹೋಗಿ, ಮಡಿಸುವ ಕುರ್ಚಿ ಒಯ್ಯಿರಿ.